ಮುಂದೆ ಇವರು, ಹಿಂದೆ ನಾನು

ಗಂಡ ಹೆಂಡತಿ ಒಟ್ಟಿಗೆ ಪೇಟೆಗೆ ಹೊರಟರೆ ಒಟ್ಟಿಗೇ ನಡೆಯುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ ಅವರು ನಮ್ಮನೆಯವರನ್ನು ನೋಡಿಲ್ಲ. ಸಿದ್ದಾಪುರದ ಸಂತೆಯಿರಲಿ, ಶಿರಸಿಯ ಮಾರಿಕಾಂಬಾ ಜಾತ್ರೆಯಿರಲಿ, ಮದುವೆಮನೆಯ ದಾರಿಯಿರಲಿ, ನನಗೆ ಕಾಣುವುದು ಇವರ ಬೆನ್ನು. ಹತ್ತು ಮಾರು ಮುಂದೆ ಇವರು, ಹಿಂದಿನಿಂದ ಚೀಲ ಹಿಡಿದುಕೊಂಡು ನಾನು. ಮನೆಯಿಂದ ಹೊರಡುವಾಗಲೇ ಇವರು ತೊಟ್ಟ ಅಂಗಿಯ ಬಣ್ಣ ನೋಡಿಟ್ಟುಕೊಳ್ಳುವುದು ನನಗೆ ರೂಢಿಯಾಗಿಬಿಟ್ಟಿದೆ. “ಸ್ವಲ್ಪ ನಿಧಾನ ಹೋಗಿ ಮಾರಾಯ್ರೇ” ಎಂದರೆ ನಿಲ್ಲುತ್ತಾರೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮತ್ತೆ ಹೊರಟಿರುತ್ತಾರೆ. ನಿಂತು ಸುಧಾರಿಸಿಕೊಳ್ಳುವ ಭಾಗ್ಯ ಮುಂದಿರುವವರಿಗೆ ಮಾತ್ರ. ಇದೊಂದು ವಿಷಯಕ್ಕೆ ನಾನು ಮುನಿಸಿಕೊಂಡಷ್ಟು ಸಂಸಾರದಲ್ಲಿ ಬೇರೆ ಯಾವುದಕ್ಕೂ ಮುನಿಸಿಕೊಂಡವಳಲ್ಲ.

ಹೀಗಾಗಿ, ಐಂಡ್‌ಹೋವನ್‌ನಲ್ಲಿರುವ ಮಗಳು ನಮ್ಮಿಬ್ಬರಿಗೇ ಲಿಸ್ಬನ್ನಿಗೆ ಟಿಕೆಟ್ ಮಾಡಿಸಿದಾಗ ನನಗೆ ಚಿಂತೆ ಹತ್ತಿದ್ದು ಇವರ ನಡಿಗೆಯದ್ದೇ. ಗುರುತಿಲ್ಲದ ಊರು, ತಿಳಿಯದ ಭಾಷೆ. ಇವರು ಒಂದು ತಿರುವಿನಲ್ಲಿ ಮರೆಯಾದರೆ ನಾನು ಯಾರನ್ನು ಕೇಳಲಿ? ಮಗಳಿಗೂ ಅಳಿಯನಿಗೂ ರಜೆಯಿರಲಿಲ್ಲ. “ಆಯಿ, ನೀವಿಬ್ಬರೇ ಹೋಗಿಬನ್ನಿ. ಅಪ್ಪಯ್ಯ ಜೀವಮಾನವೆಲ್ಲ ಮೆಣಸು ಬೆಳೆದಿದ್ದಾನೆ. ಮೆಣಸು ಹೋದ ಊರನ್ನು ಒಂದು ಸಲ ನೋಡಿಕೊಂಡು ಬರಲಿ” ಎಂದಳು. ಪ್ಯಾರಿಸ್ಸು, ರೋಮು ಎಂದಿದ್ದರೆ ಇವರು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಮೆಣಸಿನ ಮಾತು ಬಂದದ್ದರಿಂದ ಮರುಮಾತಿಲ್ಲದೆ ಸ್ವೆಟರು ಹುಡುಕಲು ಎದ್ದರು.

ನಾವು ಇಳಿದದ್ದು ನವೆಂಬರ್ 1ರಂದು. ನಮ್ಮಲ್ಲಿ ಶಾಲೆ ಶಾಲೆಗಳಲ್ಲಿ ಕನ್ನಡ ಬಾವುಟ ಏರುವ ದಿನ. ಅಲ್ಲಿಯೂ ರಜೆ, ಸಕಲ ಸಂತರ ಹಬ್ಬ. ವಿಮಾನ ನಿಲ್ದಾಣ ಊರೊಳಗೇ ಇರುವುದರಿಂದ ಅದರ ಬುಡದಿಂದಲೇ ಮೆಟ್ರೋ ಹತ್ತಬಹುದು. ಕೆಂಪು ಮಾರ್ಗದಲ್ಲಿ ಅಲಮೇಡಾದವರೆಗೆ ಹೋಗಿ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮಾರ್ಟಿಂ ಮೋನೀಜ್ ಎಂಬಲ್ಲಿ ಇಳಿದೆವು. ಅಲ್ಲಿಯವರೆಗೆ ಎಲ್ಲ ಸಲೀಸು. ನಿಲ್ದಾಣದ ಮೆಟ್ಟಿಲು ಹತ್ತಿ ಬೆಳಕಿಗೆ ಬಂದ ಮೇಲೆ ಆ ಊರು ತನ್ನ ಸ್ವರೂಪ ತೋರಿಸಿತು. ನಾವು ಉಳಿಯಬೇಕಿದ್ದ ಮನೆ ಮೊರಾರಿಯಾ ಎಂಬ ಹಳೆಯ ಕೇರಿಯ ಗುಡ್ಡದ ಮೇಲಿತ್ತು. ದಾರಿಯೆಲ್ಲ ಏರು. ಕಾಲಡಿಗೆ ಪುಟ್ಟ ಪುಟ್ಟ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ ನೆಲ. ಸೂಟ್‌ಕೇಸಿನ ಚಕ್ರಗಳು ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡು ನಿಲ್ಲುವವು, ಎಳೆದರೆ ಕೇರಿಗೆಲ್ಲ ಕೇಳುವಂತೆ ಕಟಕಟ ಎನ್ನುವವು. ಮೇಲಿನ ಕಿಟಕಿಯೊಂದರಿಂದ ಅಜ್ಜಿಯೊಬ್ಬಳು ತಲೆ ಹೊರಗೆ ಹಾಕಿ ನೋಡಿದಳು. ಇವರು ಒಂದಿಷ್ಟು ದೂರ ಎಳೆದು ನೋಡಿದರು. ಆಮೇಲೆ ಸುಮ್ಮನೆ ಎರಡನ್ನೂ ಎತ್ತಿ, ಒಂದನ್ನು ಹೆಗಲಿಗೇರಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊರಟೇಬಿಟ್ಟರು. ಅಡಿಕೆ ಮೂಟೆ ಹೊತ್ತು ಪಳಗಿದ ಹೆಗಲು ಅದು. ಯೂರೋಪಿನ ಏರಿನಲ್ಲೂ ಹತ್ತು ಮಾರು ಮುಂದೆ ಇವರೇ.

ಆ ಕಲ್ಲಿನ ನೆಲದ ಮೇಲೆ ನನಗೆ ಬಂದ ಸಿಟ್ಟು ಇಳಿದದ್ದು ಮರುದಿನ. ಇಳಿಜಾರಿನ ತಿರುವಿನಲ್ಲಿ ಒಬ್ಬ ಮನುಷ್ಯ ಕಾಲುದಾರಿ ದುರಸ್ತಿ ಮಾಡುತ್ತ ಕುಳಿತಿದ್ದ. ಗೇಣುದ್ದದ ಮಣೆ, ಒಂದು ಸುತ್ತಿಗೆ, ಪಕ್ಕದಲ್ಲಿ ಬಿಳಿ ಸುಣ್ಣಕಲ್ಲಿನ ರಾಶಿ. ಒಂದು ಕಲ್ಲು ಎತ್ತಿಕೊಂಡು ಎಡಗೈಯಲ್ಲೇ ತಿರುಗಿಸಿ ನೋಡುವನು. ಸುತ್ತಿಗೆಯಿಂದ ಎರಡು ಏಟು ಕೊಟ್ಟು ಮೂಲೆ ಹಾರಿಸುವನು. ಮರಳಿನ ಹಾಸಿಗೆಯ ಮೇಲೆ ಕೂರಿಸಿ ಮೇಲಿಂದ ತಟ್ಟುವನು. ಮತ್ತೊಂದು ಕಲ್ಲು. ಇವರು ನಿಂತರು. ನಾನೂ ಹೋಗಿ ಮುಟ್ಟಿದೆ. ಇಬ್ಬರೂ ಬಹಳ ಹೊತ್ತು ನಿಂತು ನೋಡಿದೆವು. ಇಡೀ ಲಿಸ್ಬನ್ನಿನ ಕಾಲುದಾರಿಗಳು ಹೀಗೆ ಒಬ್ಬೊಬ್ಬ ಮನುಷ್ಯ ಕುಳಿತು, ಒಂದೊಂದೇ ಕಲ್ಲು ಕಡಿದು ಕೂರಿಸಿದವು. ನಡುನಡುವೆ ಕಪ್ಪು ಕಲ್ಲು ಸೇರಿಸಿ ಬಳ್ಳಿ, ಹಡಗು, ನಕ್ಷತ್ರ, ಅಲೆಗಳನ್ನು ಬಿಡಿಸಿರುತ್ತಾರೆ. 1842ರಲ್ಲಿ ಸಾವೊ ಜಾರ್ಜ್ ಕೋಟೆಯ ಸೈನ್ಯಾಧಿಕಾರಿಯೊಬ್ಬ ಅಲ್ಲಿನ ಕೈದಿಗಳಿಂದ ಅಂಕುಡೊಂಕು ವಿನ್ಯಾಸದ ನೆಲ ಹಾಕಿಸಿದನಂತೆ. ಜನ ಅದನ್ನೇ ನೋಡಲು ಬರತೊಡಗಿದರು. ಕೆಲವೇ ವರ್ಷಗಳಲ್ಲಿ ಊರ ನಡುವಿನ ರೊಸ್ಸಿಯೊ ಚೌಕಕ್ಕೆ ಕಪ್ಪು ಬಿಳುಪಿನ ಅಲೆ ಅಲೆಯ ನೆಲ ಬಂತು. ಅದರ ಮೇಲೆ ನಿಂತರೆ ಸಮತಟ್ಟಾದ ನೆಲವೇ ಏರಿಳಿಯುತ್ತಿದೆ ಎಂದು ಈಗಲೂ ಕಣ್ಣಿಗೆ ಭ್ರಮೆಯಾಗುತ್ತದೆ. ಈ ಕೆಲಸ ಕಲಿಸಲು ನಗರಸಭೆ 1986ರಲ್ಲಿ ಒಂದು ಶಾಲೆಯನ್ನೇ ತೆರೆಯಿತು. ಕೆಲಸಗಾರರ ಗೌರವಕ್ಕೆ ಒಂದು ಕಂಚಿನ ಸ್ಮಾರಕವನ್ನೂ ನಿಲ್ಲಿಸಿದ್ದಾರೆ. ರಾಜರ, ಸೇನಾಪತಿಗಳ ಪ್ರತಿಮೆಗಳ ಊರಿನಲ್ಲಿ ನನಗೆ ತುಂಬ ಹಿಡಿಸಿದ್ದು ಆ ಸ್ಮಾರಕ. ಮಳೆ ಬಿದ್ದರೆ ಆ ಕಲ್ಲು ಜಾರುತ್ತದೆ, ವಯಸ್ಸಾದವರಿಗೆ ಕಷ್ಟ. ತೆಗೆದು ಸಿಮೆಂಟು ಹಾಕಬೇಕೆನ್ನುವವರು ಆ ಊರಿನಲ್ಲೇ ಇದ್ದಾರೆ. ನಾನು ತೆಗೆಯಬಾರದು ಎನ್ನುವವರ ಕಡೆ.

ಆಲ್ಫಾಮಾ ಎಂಬ ಕೇರಿಗೆ ಹೋದ ದಿನ ಮಳೆ ಬಿದ್ದಿತ್ತು. ಕೋಟೆಯ ಗುಡ್ಡದಿಂದ ನದಿಯ ಕಡೆಗೆ ಇಳಿಯುವ ಸಂದಿಗೊಂದಿಗಳ ಜಾಗ ಅದು. ಒಂದೊಂದು ಓಣಿ ಎಷ್ಟು ಕಿರಿದೆಂದರೆ ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುತ್ತದೆ. ಮೇಲೆ ಒಣಹಾಕಿದ ಬಟ್ಟೆ, ಬಾಗಿಲ ಬದಿಯಲ್ಲಿ ತುಳಸಿಯ ಜಾತಿಯ ಗಿಡದ ಕುಂಡ, ಒಳಗಿಂದ ರೇಡಿಯೋ. ಅಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ನಡೆಯುವ ಪ್ರಶ್ನೆಯೇ ಇಲ್ಲ. ಒಬ್ಬರು ಮುಂದೆ ಹೋಗಲೇಬೇಕು, ಒಬ್ಬರು ಹಿಂದೆ ಉಳಿಯಲೇಬೇಕು. ಇವರು ಎಂದಿನಂತೆ ಮುಂದೆ. ನಾನು ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದೆ. ಆಗ ಕಿವಿಗೆ ಬಿತ್ತು: “ಇಲ್ಲಿ ಮೆಟ್ಟಿಲು ಒಡೆದಿದ್ದು, ನೋಡಿ ಬಾ. ಇಲ್ಲಿ ನೀರು ನಿಂತಿದ್ದು. ಎಡಕ್ಕೆ ಕಾಲಿಡು.” ತಿರುಗಿ ನೋಡದೆ ಹೇಳುತ್ತಿದ್ದರು. ನನಗೆ ಅಂದದ್ದೋ, ಅವರಷ್ಟಕ್ಕೇ ಅಂದುಕೊಂಡದ್ದೋ ಎಂಬ ಹಾಗೆ ತಗ್ಗಿದ ದನಿ.

ಆ ದನಿ ನನಗೆ ಗೊತ್ತು. ನಮ್ಮ ತೋಟದ ದನಿ ಅದು. ಅಡಿಕೆ ತೋಟದೊಳಗಿನ ದಾರಿ ಎಂದರೆ ಒಂದು ಪಾದದ ಅಗಲ. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಬಾಳೆ, ಏಲಕ್ಕಿ. ಮಳೆಗಾಲದಲ್ಲಿ ಸಂಕದ ಮೇಲೆ ಪಾಚಿ ಕಟ್ಟಿರುತ್ತದೆ. ಹುಲ್ಲಿನ ತುದಿಯಲ್ಲಿ ಉಂಬಳ ಕಾದಿರುತ್ತದೆ. ಬೆಳಗಿನ ಹೊತ್ತು ಮರದಿಂದ ಮರಕ್ಕೆ ಜೇಡ ಬಲೆ ಕಟ್ಟಿ ಅದು ಮುಖಕ್ಕೆ ಅಡರುತ್ತದೆ. ಯಾವುದೋ ಬುಡದಲ್ಲಿ ಹಾವು ಸುತ್ತಿ ಮಲಗಿರುತ್ತದೆ. ಮೊದಲು ಹೋಗುವವರು ಕೋಲಿನಿಂದ ಬಲೆ ಬಿಡಿಸುತ್ತ, ಹುಲ್ಲು ಬಡಿಯುತ್ತ, ಹಿಂದಿನವರಿಗೆ ಹೇಳುತ್ತ ಹೋಗಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತೋಟಕ್ಕೆ ಹೋಗಲು ಹೆದರುತ್ತಿದ್ದೆ. ನನ್ನ ತವರು ಪೇಟೆ ಬದಿಯದು. ಆಗ ಇವರು ಮುಂದೆ ಮುಂದೆ ಹೋಗಿ ದಾರಿ ಮಾಡಿಕೊಟ್ಟದ್ದು, ನಾನು ಇವರ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆದದ್ದು ಎಲ್ಲ ಆ ಓಣಿಯಲ್ಲಿ ಮಳೆಯ ನಡುವೆ ನೆನಪಾಯಿತು. ಇವರಿಗೆ ಹೆಂಡತಿಯ ಜೊತೆ ನಡೆಯುವುದೆಂದರೆ ಹಾಗೇ. ಸಿದ್ದಾಪುರದ ಟಾರು ರಸ್ತೆಯಲ್ಲಿ ಹಾವಿಲ್ಲ, ಬಲೆಯಿಲ್ಲ. ಕಾಲಿಗೆ ಅದು ಗೊತ್ತಾಗಬೇಕಲ್ಲ. ಓಣಿ ಮುಗಿದು ನದಿ ಕಂಡಲ್ಲಿ ಇವರು ನಿಂತಿದ್ದರು. ಯಾಕೆ ಇಷ್ಟು ಹೊತ್ತು ಎಂದು ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಊಟದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಅದನ್ನೇ. ನಾವು ಮೊಟ್ಟೆಯನ್ನೂ ತಿನ್ನದವರು. ಮೀನೂ ಹಂದಿಮಾಂಸವೂ ಮುಖ್ಯವಾದ ಆ ಊರಿನಲ್ಲಿ ಉಪವಾಸ ಬೀಳುತ್ತೇವೆಂದು ಬೀಗರು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ. ಮಾರ್ಟಿಂ ಮೋನೀಜ್ ಸುತ್ತ ಬಾಂಗ್ಲಾದೇಶದವರ, ನೇಪಾಳದವರ, ಪಂಜಾಬಿನವರ ಅಂಗಡಿಗಳ ಸಾಲೇ ಇದೆ. ಅಕ್ಕಿ, ತೊಗರಿಬೇಳೆ, ಕೊತ್ತಂಬರಿ ಸೊಪ್ಪು, ಹಸಿಮೆಣಸು ಎಲ್ಲ ಸಿಗುತ್ತದೆ. ಬಾಡಿಗೆ ಮನೆಯ ಪುಟ್ಟ ಒಲೆಯ ಮೇಲೆ ಅನ್ನ, ತಂಬುಳಿ ಮಾಡಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಚೀಲದಲ್ಲಿತ್ತು. 1837ರಿಂದ ಬೆಲೆಂ ಎಂಬಲ್ಲಿನ ಒಂದೇ ಅಂಗಡಿಯಲ್ಲಿ ಮಾಡುತ್ತ ಬಂದಿರುವ ಹೆಸರುವಾಸಿ ಸಿಹಿತಿಂಡಿಯನ್ನು ಮೊಟ್ಟೆಯ ಹಳದಿಯಿಂದ ಮಾಡುತ್ತಾರೆಂದು ತಿಳಿದು ತಿನ್ನಲಿಲ್ಲ. ಅದರ ಮೇಲೆ ಉದುರಿಸುವ ದಾಲ್ಚಿನ್ನಿಯ ಪರಿಮಳವನ್ನು ಬಾಗಿಲಲ್ಲಿ ನಿಂತು ಅನುಭವಿಸಿದೆವು. ನವೆಂಬರಿನಲ್ಲಿ ಬೀದಿ ಮೂಲೆಗಳಲ್ಲಿ ಕೈಗಾಡಿಯವರು ಚೆಸ್ಟ್‌ನಟ್ ಸುಡುತ್ತಾರೆ. ಉಪ್ಪು ಹಾಕಿ ಕೆಂಡದ ಮೇಲೆ ಸುಡುವುದರಿಂದ ಬೀದಿಯೆಲ್ಲ ಬಿಳಿಯ ಹೊಗೆ. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿಯಾಗಿ ಕೊಡುತ್ತಾರೆ. ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರೆ ಒಲೆಯ ಬೂದಿಯಲ್ಲಿ ಸುಟ್ಟ ಹಲಸಿನ ಬೇಳೆಯ ಹಾಗಿರುತ್ತದೆ. ದಿನಾ ಸಂಜೆ ಒಂದು ಪೊಟ್ಟಣ ಕೊಂಡು, ನಡೆಯುತ್ತ ತಿಂದೆವು. ಪೊಟ್ಟಣ ಒಂದೇ ಆದ್ದರಿಂದ ಆಗ ಮಾತ್ರ ಇವರು ನನ್ನ ಜೊತೆಜೊತೆಗೆ ನಡೆದರು.

ನವೆಂಬರ್ 1ರ ಇನ್ನೊಂದು ಕತೆ ತಿಳಿದದ್ದು ಮನೆಯ ಬೀಗದಕೈ ಕೊಡಲು ಬಂದಿದ್ದ ಹೆಂಗಸಿನಿಂದ. 1755ರ ಅದೇ ದಿನ, ಬೆಳಿಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ, ಜನರೆಲ್ಲ ಹಬ್ಬದ ಪೂಜೆಗೆಂದು ಚರ್ಚುಗಳಲ್ಲಿ ಸೇರಿದ್ದಾಗ ಭೂಮಿ ನಡುಗಿತು. ಹಚ್ಚಿಟ್ಟ ಮೇಣದ ಬತ್ತಿಗಳು ಉರುಳಿ ಬೆಂಕಿ ಹಬ್ಬಿತು. ಪ್ರಾಣ ಉಳಿಸಿಕೊಳ್ಳಲು ನದೀತೀರಕ್ಕೆ ಓಡಿದವರ ಮೇಲೆ ಸಮುದ್ರ ಉಕ್ಕಿ ಬಂತು. ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಗುಡ್ಡದ ಮೇಲಿನ ಕಾರ್ಮೊ ಮಠದ ಚಾವಣಿ ಅಂದು ಬಿದ್ದದ್ದನ್ನು ಇವತ್ತಿಗೂ ಮುಚ್ಚಿಲ್ಲ. ಕಂಬಗಳೂ ಕಮಾನುಗಳೂ ಆಕಾಶದ ಕೆಳಗೆ ಹಾಗೇ ನಿಂತಿವೆ. ನಾವು ಹೋದಾಗ ಒಳಗೆ ಹುಲ್ಲು ಹಸಿರಾಗಿತ್ತು, ಕಮಾನುಗಳ ನಡುವೆ ಪಾರಿವಾಳ ಹಾರುತ್ತಿದ್ದವು. ಹಂಪಿಯನ್ನು ಕಂಡವರಿಗೆ ಅಲ್ಲಿ ನಿಂತು ಎದೆ ಭಾರವಾಗದೆ ಇರುವುದಿಲ್ಲ.

ಹಂಪಿಯ ಮಾತು ಸುಮ್ಮನೆ ಬಂದದ್ದಲ್ಲ. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟ ದೊಮಿಂಗೊ ಪಾಯಸ್, ಫೆರ್ನಾವೊ ನ್ಯೂನಿಜ್ ಇಬ್ಬರೂ ಪೋರ್ಚುಗೀಸರು. ಅವರ ಬರಹ ಅಚ್ಚಾಗಿ ಹೊರಬಂದದ್ದು ಇದೇ ಲಿಸ್ಬನ್ನಿನಲ್ಲಿ, 1897ರಲ್ಲಿ. ಮೂರು ವರ್ಷಗಳ ಮೇಲೆ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಕೃಷ್ಣದೇವರಾಯನ ಪಾಠ ಮಾಡುವಾಗಲೆಲ್ಲ ನಾನು ಪಾಯಸ್‌ನ ಹೆಸರು ಹೇಳಿದ್ದೇನೆ. ಮಹಾನವಮಿ ದಿಬ್ಬದ ಎದುರಿನ ಆನೆ, ಕುದುರೆ, ನರ್ತಕಿಯರ ಮೆರವಣಿಗೆ ಅವನ ಕಣ್ಣಿಲ್ಲದೆ ನಮಗೆ ಇಷ್ಟು ಸ್ಪಷ್ಟವಾಗಿ ಉಳಿಯುತ್ತಿರಲಿಲ್ಲ. ಚಿಯಾದೊ ಎಂಬ ಕೇರಿಯಲ್ಲಿ ಬರ್ತ್ರಾಂದ್ ಎಂಬ ಪುಸ್ತಕದಂಗಡಿಯಿದೆ. 1732ರಿಂದ ನಡೆಯುತ್ತ ಬಂದಿದೆ, ಭೂಕಂಪದ ನಂತರ ಜಾಗ ಬದಲಿಸಿದೆ. ಕೋಣೆಯಿಂದ ಕೋಣೆಗೆ ಹೋಗುತ್ತ, ಓದಲು ಬಾರದ ಭಾಷೆಯ ಪುಸ್ತಕಗಳ ಬೆನ್ನು ಸವರುತ್ತ ಅಲ್ಲಿ ಅರ್ಧ ದಿನ ಕಳೆದೆ. ಇವರು ಹೊರಗೆ ಮೆಟ್ಟಿಲ ಮೇಲೆ ಕಾದರು. ಅವಸರ ಮಾಡಲಿಲ್ಲ.

ಕಾರ್ಮೊ ಮಠದ ಎದುರಿನ ಪುಟ್ಟ ಚೌಕದಲ್ಲಿ ಜಕರಂದಾ ಮರಗಳಿವೆ. 1974ರ ಏಪ್ರಿಲ್ 25ರಂದು ಸೈನಿಕರು ದಂಗೆಯೆದ್ದಾಗ, ಅರ್ಧ ಶತಮಾನ ಸಮೀಪಿಸಿದ್ದ ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲೊ ಕೈತಾನೊ ಅಡಗಿ ಕುಳಿತದ್ದೂ, ಸಂಜೆಗೆ ಶರಣಾದದ್ದೂ ಇದೇ ಚೌಕದ ಪೊಲೀಸು ಠಾಣ್ಯದಲ್ಲಿ. ಅಂದು ಬೆಳಿಗ್ಗೆ ಸೆಲೆಸ್ಟ್ ಕೈಯೆರೊ ಎಂಬ ಹೋಟೆಲ್ ಕೆಲಸದ ಹೆಂಗಸು ಮನೆಗೆ ಮರಳುತ್ತಿದ್ದಳು. ಹೋಟೆಲಿಗೆ ವರ್ಷ ತುಂಬಿದ್ದಕ್ಕೆ ಗಿರಾಕಿಗಳಿಗೆ ಹಂಚಲು ತರಿಸಿದ್ದ ಹೂಗಳು ಅವಳ ಕೈಯಲ್ಲಿದ್ದವು. ಗಲಭೆಯಿಂದ ಹೋಟೆಲು ಬಾಗಿಲು ತೆರೆದಿರಲಿಲ್ಲ. ದಾರಿಯಲ್ಲಿ ಸೈನಿಕನೊಬ್ಬ ಸಿಗರೇಟು ಕೇಳಿದ. ಅವಳ ಹತ್ತಿರ ಇರಲಿಲ್ಲ, ಕಾರ್ನೇಷನ್ ಹೂವೊಂದನ್ನು ಕೊಟ್ಟಳು. ಅವನು ಅದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಆ ಕ್ರಾಂತಿಗೆ ಹೂವಿನ ಹೆಸರೇ ನಿಂತಿತು. ಮಠದ ಅವಶೇಷಕ್ಕೂ ಈ ಹೂವಿನ ಕತೆಗೂ ನಡುವೆ ಒಂದೇ ಬಾಗಿಲಿನ ಅಂತರ. ಕಲ್ಲಿನ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನಾನು ಇವರಿಗೆ ಹೇಳಿದೆ. ನಿವೃತ್ತಿಯ ನಂತರ ಇಷ್ಟುದ್ದ ಪಾಠ ಮಾಡಿದ್ದು ಅದೇ ಮೊದಲು. ಇವರು ಪೂರ್ತಿ ಕೇಳಿ, “ಆ ಹೆಂಗಸಿಗೆ ಆಮೇಲೆ ಏನಾದರೂ ಸಿಕ್ಕಿತೋ?” ಎಂದರು. ಸಿಕ್ಕಿದ್ದು ಹೆಸರು ಮಾತ್ರ. ಬಡತನದಲ್ಲೇ ಬಾಳಿದಳು, 2024ರಲ್ಲಿ ತೀರಿಕೊಂಡಳು.

ಇನ್ನು ಬೆಲೆಂ. ಮೆಣಸಿನ ಕಾರಣಕ್ಕೆ ಹೋದವರು ನಾವು, ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೆವು. 15ನೇ ನಂಬರಿನ ಟ್ರಾಮು ನದಿಯ ಪಕ್ಕದಲ್ಲೇ ಸಾಗಿ ಜೆರೋನಿಮೋಸ್ ಮಠದ ಎದುರು ಇಳಿಸುತ್ತದೆ. ಮೊದಲ ನೋಟಕ್ಕೆ ಅದರ ಉದ್ದಕ್ಕೇ ಕಣ್ಣು ಸಾಲದು. ಜೇನಿನ ಬಣ್ಣಕ್ಕೆ ತಿರುಗಿದ ಸುಣ್ಣಕಲ್ಲು. ಕಂಬಕ್ಕೆ ಸುತ್ತಿಕೊಂಡ ಹಡಗಿನ ಹಗ್ಗ, ಎಲೆ, ಬಳ್ಳಿ, ಕಾಯಿ, ಯಾವುದೋ ಪ್ರಾಣಿಯ ಮುಖ, ಒಂದಿಷ್ಟೂ ಜಾಗ ಬಿಡದೆ ಕೆತ್ತಿದ್ದಾರೆ. 16ನೇ ಶತಮಾನದ ಆರಂಭದಲ್ಲಿ ರಾಜ ಮೊದಲನೆಯ ಮನುಯೆಲ್ ಕಟ್ಟಿಸಲು ತೊಡಗಿದ್ದು ಮುಗಿಯಲು ನೂರು ವರ್ಷ ಹಿಡಿಯಿತು. ಆಫ್ರಿಕಾದಿಂದಲೂ ಪೂರ್ವ ದೇಶಗಳಿಂದಲೂ ಬರುವ ಸರಕಿನ ವ್ಯಾಪಾರದ ಆದಾಯದಲ್ಲಿ ಸುಮಾರು ಶೇ 5ರಷ್ಟು ಇದಕ್ಕೆಂದು ತೆಗೆದಿಟ್ಟರು. ಆ ವ್ಯಾಪಾರವನ್ನು ಹೊತ್ತು ನಡೆಸಿದ್ದು ಕಾಳುಮೆಣಸು. ಮಲಬಾರಿನದು, ಕೆನರಾ ತೀರದ್ದು, ಘಟ್ಟದ ಮೇಲಿಂದ ಎತ್ತಿನ ಹೇರಿನಲ್ಲಿ ಇಳಿದದ್ದು.

ಬಾಗಿಲು ದಾಟಿದ ಕೂಡಲೇ ಎಡಗಡೆಗೆ ವಾಸ್ಕೋ ಡ ಗಾಮನ ಸಮಾಧಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತು ಅಲ್ಲಿಯೇ ಹೂಳಿದ್ದವನನ್ನು ಆಮೇಲೆ ಇಲ್ಲಿಗೆ ತಂದರು. ಕಲ್ಲಿನ ಗಾಮ ಕೈಮುಗಿದು ಮಲಗಿದ್ದಾನೆ. ನನಗೆ ಕೈಮುಗಿಯಬೇಕೆನಿಸಲಿಲ್ಲ. 1502ರ ಯಾನದಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟವನು ಅವನು. ಅದೇ ಯಾನದಲ್ಲಿ ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳನ್ನೂ ಬೆದರಿಸಿ ಹೋಗಿದ್ದ. ಆ ಶತಮಾನ ಮುಗಿಯುವುದರೊಳಗೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇವನ ದೇಶದವರೇ ಮೆಣಸಿನ ರಾಣಿ ಎಂದು ಕರೆದರಂತೆ. ನಮ್ಮ ಮನೆಯಿಂದ ಮಾವಿನಗುಂಡಿ ಘಟ್ಟ ಇಳಿದರೆ ಅವಳ ಊರು. ಅವಳ ಕಾಲದ ಪೇಟೆಯಿದ್ದಲ್ಲಿ ಇವತ್ತು ಕಾಡು. ಚತುರ್ಮುಖ ಬಸದಿಯೊಂದು ಆ ಕಾಡಿನ ನಡುವೆ ನಿಂತಿದೆ. ಮೆಣಸು ಕಳಿಸಿದ ಊರಿನ ಗತಿ ಅದು, ಕೊಂಡ ಊರಿನ ಐಶ್ವರ್ಯ ಇದು. ಎರಡನ್ನೂ ಕಂಡ ಮೇಲೆ ನನಗೆ ಈ ಮಠದ ಸೌಂದರ್ಯವನ್ನು ಸುಮ್ಮನೆ ಹೊಗಳಲು ಬಾಯಿ ಬರುವುದಿಲ್ಲ. ಸುಂದರವಲ್ಲ ಎಂದು ಹೇಳಲೂ ಬರುವುದಿಲ್ಲ.

ಯೋಚಿಸುತ್ತ ನಾನು ಮುಂದೆ ನಡೆದುಬಿಟ್ಟಿದ್ದೆ. ಬಲಿಪೀಠದ ಹತ್ತಿರ ಹೋಗಿ ನೋಡಿದರೆ ಪಕ್ಕದಲ್ಲಿ ಇವರಿಲ್ಲ, ಮುಂದೆಯೂ ಇಲ್ಲ. ತಿರುಗಿದೆ. ಬಹಳ ಹಿಂದೆ, ಆಳೆತ್ತರದ ಹತ್ತು ಪಾಲು ಮೇಲಕ್ಕೆ ಏರಿ ಚಾವಣಿಯಲ್ಲಿ ಕವಲೊಡೆಯುವ ಒಂದು ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಮರ ಹತ್ತುವ ಮೊದಲು ಬುಡದಲ್ಲಿ ನಿಂತು ಬಳ್ಳಿಯ ಫಸಲು ಅಂದಾಜು ಮಾಡುವ ನೋಟ ಅದು. ಕೈ ಕಂಬದ ಮೇಲಿತ್ತು. ಸೊರಗು ರೋಗ ಬಂದು ಅರ್ಧ ತೋಟದ ಬಳ್ಳಿ ಒಣಗಿದ ವರ್ಷವೂ ಇವರು ಹೀಗೆ ಒಂದೊಂದು ಮರದ ಬುಡದಲ್ಲಿ ನಿಂತಿದ್ದರು. ಮದುವೆಯಾದಂದಿನಿಂದ ನಾನು ಮುಂದೆ ಹೋಗಿ ತಿರುಗಿ ನಿಂತು ಇವರು ಬರಲೆಂದು ಕಾದದ್ದು ಅದೇ ಮೊದಲು. ಬೆನ್ನು ನೋಡಿ ನೋಡಿ ಅಭ್ಯಾಸವಾದ ನನಗೆ ಆ ದೂರದಿಂದ ಇವರ ಮುಖ ಇಡಿಯಾಗಿ ಕಂಡಿತು. ವಯಸ್ಸಾಗಿದೆ ಅನ್ನಿಸಿತು. ಬಂದು ಮುಟ್ಟಿದ ಮೇಲೆ ಮೆಲ್ಲಗೆ ಹೇಳಿದರು: “ಎಷ್ಟು ಮೆಣಸು ಬೇಕಾತಿಕ್ಕು ಇದಕ್ಕೆ! ಕೊಯ್ದವಂಗೆ ಎಂತ ಸಿಕ್ಕಿತ್ತೋ.”

ಅಂದು ಸಂಜೆ ನದೀತೀರದ ದೊಡ್ಡ ಚೌಕಕ್ಕೆ ಹೋದೆವು. ಮೂರು ಬದಿಗೆ ಹಳದಿ ಬಣ್ಣದ ಕಮಾನಿನ ಕಟ್ಟಡ, ನಾಲ್ಕನೆಯ ಬದಿಗೆ ಸಮುದ್ರದಷ್ಟು ಅಗಲದ ತೇಜೊ ನದಿ. ಭೂಕಂಪಕ್ಕೆ ಮೊದಲು ಇಲ್ಲಿ ಅರಮನೆಯಿತ್ತು. ಅದಕ್ಕೆ ತಾಗಿ ಇಂಡಿಯಾ ಹೌಸ್ ಎನ್ನಬಹುದಾದ ಕಾಜಾ ದ ಇಂದಿಯಾ ಇತ್ತು. ಘಟ್ಟದ ಮೆಣಸು ಇಳಿದು, ತೂಕವಾಗಿ, ಬೆಲೆ ಕಟ್ಟಿ, ಯೂರೋಪಿಗೆಲ್ಲ ಹಂಚಿಕೆಯಾಗುತ್ತಿದ್ದ ಜಾಗ. 1755ರ ಆ ಒಂದು ಬೆಳಗಿನಲ್ಲಿ ಅರಮನೆ, ಉಗ್ರಾಣ, ಅದರ ಲೆಕ್ಕಪತ್ರ ಎಲ್ಲ ಹೋದವು. ಈಗ ಅದರ ಗುರುತಿಗೆ ಒಂದು ಕಲ್ಲೂ ಕಾಣುವುದಿಲ್ಲ. ಆ ಹಳೆಯ ಊರು ಹೇಗಿತ್ತೆಂದು ನೋಡಬೇಕಾದರೆ ಹೆಂಚು ಚಿತ್ರಗಳ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1700ರ ಸುಮಾರಿನ ಇಡೀ ಲಿಸ್ಬನ್ನಿನ ನದೀತೀರವನ್ನು ನೀಲಿ ಬಿಳಿ ಹೆಂಚುಗಳ ಮೇಲೆ 23 ಮೀಟರು ಉದ್ದಕ್ಕೆ ಬರೆದಿಟ್ಟಿದ್ದಾರೆ. ಭೂಮಿ ನಡುಗುವುದನ್ನು ಅರಿಯದ ಊರು ಅದರಲ್ಲಿದೆ.

ಮನೆಗೆ ಮರಳುವಾಗ ಸೂಪರ್ ಮಾರ್ಕೆಟ್ಟಿನಲ್ಲಿ ಇವರು ಹಾಲು ಮರೆತು ಮಸಾಲೆಯ ಕಪಾಟಿನ ಎದುರು ನಿಂತರು. ಕೈಯಗಲದ ಗಾಜಿನ ಸೀಸೆಯಲ್ಲಿ ಕಾಳುಮೆಣಸು. ಬೆಳೆದ ದೇಶ ವಿಯೆಟ್ನಾಂ ಎಂದಿತ್ತು. ಬೆಲೆ ನೋಡಿ, ಕೆ.ಜಿ.ಗೆ ಎಷ್ಟಾಯಿತೆಂದು ಬೆರಳಲ್ಲೇ ಲೆಕ್ಕ ಹಾಕಿ, ಸೀಸೆಯನ್ನು ಇದ್ದಲ್ಲೇ ಇಟ್ಟರು. ಇವರ ಚೀಲದ ಮೂಲೆಯಲ್ಲಿ ನಮ್ಮದೇ ತೋಟದ ಮೆಣಸಿನ ಪುಡಿ ಇತ್ತು. ಆ ರಾತ್ರಿಯ ಸಾರಿಗೆ ಬಿದ್ದದ್ದು ಅದೇ. ಈಗ ನಾವು ಖಾರವೆಂದು ತಿನ್ನುವ ಕೆಂಪು ಮೆಣಸಿನಕಾಯಿಯನ್ನು ಅಮೆರಿಕದಿಂದ ಹೊತ್ತು ತಂದು ನಮ್ಮ ತೀರಕ್ಕೆ ಮುಟ್ಟಿಸಿದವರೂ ಈ ಊರಿನ ಹಡಗಿನವರೇ. ಹೀಗಾಗಿ ನಮ್ಮ ಶ್ರಾದ್ಧದ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ ಇಲ್ಲ, ಕಾಳುಮೆಣಸೇ ಆಗಬೇಕು. ಪಿತೃಗಳು ತಿಂದದ್ದು ಅದನ್ನೇ.

ಹೊರಡುವ ಮುನ್ನಾದಿನ ಕಾಜಾ ದುಸ್ ಬಿಕುಸ್ ಎಂಬ ಮೊನೆ ಕಲ್ಲುಗಳ ಮನೆಯೆದುರಿನ ಆಲಿವ್ ಮರದ ಹತ್ತಿರ ಕುಳಿತೆವು. ನೊಬೆಲ್ ಪಡೆದ ಕಾದಂಬರಿಕಾರ ಜೊಸೆ ಸರಮಾಗೊನ ಚಿತಾಭಸ್ಮ ಅದರ ಬುಡದಲ್ಲಿದೆ. ಮರವನ್ನು ಅವನ ಹುಟ್ಟೂರಿನಿಂದ ಬೇರುಸಮೇತ ತಂದು ನೆಟ್ಟಿದ್ದಾರೆ. ಅವನು ತನ್ನ ಪುಸ್ತಕಗಳನ್ನು ಹೆಂಡತಿ ಪಿಲಾರಳಿಗೆ ಅರ್ಪಿಸುತ್ತಿದ್ದನಂತೆ ಎಂದೆ. ಇವರು ಮಣ್ಣು ಮುಟ್ಟಿ ನೋಡಿ, ಮರಕ್ಕೆ ನೀರು ಸಾಲದು ಎಂದರು.

ಊರಿಗೆ ಬಂದ ಮೇಲೆ ಇವರ ನಡಿಗೆ ಬದಲಾಗಿಲ್ಲ. ಮೊನ್ನೆ ಶಿರಸಿಯಲ್ಲೂ ಹತ್ತು ಮಾರು ಮುಂದೆಯೇ ಇದ್ದರು. ನನಗೆ ಮುನಿಸು ಬರುವುದು ಕಡಿಮೆಯಾಗಿದೆ.

ಓದುವವರಲ್ಲಿ ಹೋಗುವ ಮನಸ್ಸಿರುವ ದಂಪತಿಗಳಿದ್ದರೆ ಒಂದು ಮಾತು. ಮಕ್ಕಳ ಮದುವೆಯಾಗಲಿ, ಮನೆಗೆ ಬಣ್ಣ ಹೊಡೆಸಿ ಆಗಲಿ ಎಂದು ಮುಂದೂಡಬೇಡಿ, ಮೊಣಕಾಲು ಗಟ್ಟಿಯಿರುವಾಗಲೇ ಹೋಗಿ. ಅದು ಏರಿಳಿವಿನ ಊರು. ಜಾರದ ಅಟ್ಟೆಯ ಚಪ್ಪಲಿ ಇರಲಿ, ಸೂಟ್‌ಕೇಸು ಸಣ್ಣದಿರಲಿ. 28ನೇ ನಂಬರಿನ ಹಳದಿ ಟ್ರಾಮಿಗೆ ಉದ್ದದ ಸಾಲು ನಿಲ್ಲಬೇಕಾಗುತ್ತದೆ, ಅದರ ಹಳಿಯ ಗುಂಟ ನಡೆದೇ ಹೋಗಿ. ಜೆರೋನಿಮೋಸ್‌ಗೆ ಹೋದವರು ಗಾಮನ ಸಮಾಧಿ ನೋಡಿ ಅಲ್ಲಿಂದಲೇ ತಿರುಗಬೇಡಿ. ಬಲಿಪೀಠದವರೆಗೆ ನಡೆದು ಎರಡೂ ಬದಿಯ ರಾಜರಾಣಿಯರ ಸಮಾಧಿಗಳ ಬುಡ ನೋಡಿ. ಮೆಣಸಿನಿಂದ ಸಿರಿವಂತನಾದ ಮನುಯೆಲ್ ರಾಜನ ಸಮಾಧಿಯನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು.